ಪರದೆ ಹಾಕದ ದೊರೆಸಾನಿ

ಅವರಿಗೆ ಸಿಟ್ಟು ಬಂದರೆ ಮೊದಲು ಕೆಂಪಾಗುತ್ತಿದ್ದುದು ಕುತ್ತಿಗೆ. ಮುಖ ಶಾಂತವಾಗಿಯೇ ಇರುತ್ತಿತ್ತು, ದನಿಯೂ ಏರುತ್ತಿರಲಿಲ್ಲ. ಆದರೆ ಅಂಗಿಯ ಕಾಲರಿನೊಳಗಿಂದ ಒಂದು ಕೆಂಪು ನಿಧಾನವಾಗಿ ಹತ್ತಿ ಕಿವಿಯವರೆಗೆ ಬಂದು ನಿಲ್ಲುತ್ತಿತ್ತು. ಅಕ್ಕಿಹಿಟ್ಟಿನ ಮೇಲೆ ರಾಗಿ ಚೆಲ್ಲಿದ ಹಾಗೆ ಮೈತುಂಬ ಮಚ್ಚೆಗಳಿದ್ದ ಚರ್ಮ. ಕೆಂಪು ಏರಿದರೆ ಆ ಮಚ್ಚೆಗಳೆಲ್ಲ ಕಾಣದಾಗುತ್ತಿದ್ದವು. ಇಂಗ್ಲಿಷ್ ಬಾರದ ನಮ್ಮೂರಿನ ಹೆಂಗಸರು ಅವರ ಮನಸ್ಸನ್ನು ತಿಳಿಯುತ್ತಿದ್ದುದು ಅಲ್ಲಿಂದಲೇ. “ಕತ್ತು ಕೆಂಪಾಯ್ತು, ನಡೀರವ್ವ” ಎಂದು ಒಬ್ಬರನ್ನೊಬ್ಬರು ಎಬ್ಬಿಸಿಕೊಂಡು ಹೊರಡುತ್ತಿದ್ದರು.

ಅವರು ಹಾಲೆಂಡಿನವರು. ನಲವತ್ತು ದಾಟಿದ, ಮದುವೆಯಾಗದ ಹೆಂಗಸು. ತಮಿಳುನಾಡಿಗೆ ಸೇರಿದ ನಮ್ಮ ತಾಳವಾಡಿ ಸೀಮೆಯಲ್ಲಿ ಇನ್ನೂ ಉಳಿದಿರುವ ಹಳೆಯ ರಾಗಿ, ಸಾಮೆ, ಅವರೆ ತಳಿಗಳನ್ನು ಹುಡುಕಿ ಬರೆದುಕೊಳ್ಳಲು ಎರಡು ವರ್ಷಕ್ಕೆಂದು ಬಂದವರು. ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ನನ್ನ ಮೈದುನನಿಗೆಂದು ಕಟ್ಟಿಸಿದ, ನಮ್ಮ ಮನೆಗೆ ಅಂಟಿಕೊಂಡೇ ಇರುವ ಚಿಕ್ಕ ಮನೆ ಖಾಲಿ ಬಿದ್ದಿತ್ತು. ನನ್ನವರು ಅದನ್ನು ಅವರಿಗೆ ಬಿಟ್ಟುಕೊಟ್ಟರು. ಸತ್ಯಮಂಗಲದ ಬಸ್ಸಿನ ಕಂಡಕ್ಟರ್ ಅವರನ್ನು ತಮಿಳಿನಲ್ಲಿ ‘ವೆಳ್ಳೈಕ್ಕಾರಮ್ಮ’, ಬಿಳಿ ಹೆಂಗಸು, ಎಂದು ಇಳಿಸಿ ಹೋದ. ನಮ್ಮೂರು ಅದೇ ದಿನ ‘ದೊರೆಸಾನಿ’ ಎಂದು ಕರೆಯಿತು. ನಾನೂ ಹಾಗೆಯೇ ಕರೆಯುತ್ತೇನೆ.

ಆಗ ನಾನು ಆ ಮನೆಗೆ ಸೊಸೆಯಾಗಿ ಬಂದು ಆರು ವರ್ಷ. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಕೆಳಗೆ ಓದಿದವಳು. ಬಾಗಿಲು ತಟ್ಟದೆ ಒಳಗೆ ಹೋಗಬಾರದು, ಇನ್ನೊಬ್ಬರ ಕಾಗದ ಓದಬಾರದು ಎಂದು ಅಲ್ಲಿ ಕಲಿತಿದ್ದೆ. ಇಲ್ಲಿ ತಟ್ಟುವುದಕ್ಕೆ ಬಾಗಿಲು ಮುಚ್ಚಿರುತ್ತಲೇ ಇರಲಿಲ್ಲ. ಎದುರು ಮನೆಯ ಮಾದೇವಮ್ಮ ಬೆಳಿಗ್ಗೆ ನೇರವಾಗಿ ಅಡಿಗೆಮನೆಗೆ ಬಂದು, ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಎತ್ತಿ, “ಏನಮ್ಮಿ ಸಾರು?” ಎನ್ನುತ್ತಿದ್ದರು. ನನ್ನ ಉತ್ತರಕ್ಕೆ ಕಾಯುತ್ತಿರಲಿಲ್ಲ, ಸಾರು ಕಣ್ಣಮುಂದೆಯೇ ಇತ್ತಲ್ಲ. ಪೋಸ್ಟ್‌ಮ್ಯಾನ್ ತಂದ ನನ್ನ ತವರಿನ ಕಾಗದವನ್ನು ಅತ್ತೆ ಜಗಲಿಯಲ್ಲಿ ಒಡೆದು, ಓದಲು ಬರುವ ಯಾರನ್ನಾದರೂ ಕರೆದು ಓದಿಸಿ, ಆಮೇಲೆ ನನಗೆ ಕೊಡುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ. ಮನೆಗೆ ಬಂದ ಕಾಗದ ಮನೆಯವರೆಲ್ಲರದು ಎಂಬುದು ಅವರ ಲೆಕ್ಕ.

ದೊರೆಸಾನಿ ಬಂದ ಮರುದಿನ ಬೆಳಿಗ್ಗೆ ಹತ್ತು ಗಂಟೆಯೊಳಗೆ ಹನ್ನೊಂದು ಹೆಂಗಸರು ಆ ಮನೆಯೊಳಗಿದ್ದರು. ಹಾಸಿಗೆ ಒತ್ತಿ ನೋಡಿದರು, ಸೋಪು ಮೂಸಿದರು, ಮಾದೇವಮ್ಮ ಒಂದು ಡಬ್ಬದ ಮುಚ್ಚಳ ತಿರುಗಿಸಿದರು. ದೊರೆಸಾನಿ ನಡುಮನೆಯಲ್ಲಿ ನಿಂತಿದ್ದರು, ಕುತ್ತಿಗೆ ಕೆಂಪು.

“ಇವರೆಲ್ಲ ಯಾಕೆ ಬಂದಿದ್ದಾರೆ?” ಎಂದು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು.

“ನಿಮ್ಮನ್ನು ನೋಡುವುದಕ್ಕೆ.”

“ನೋಡಿದ್ದಾಯಿತಲ್ಲ?”

ನನಗೆ ನಗು ಬಂತು. ಆರು ವರ್ಷದಿಂದ ನನ್ನ ನಾಲಿಗೆಯ ತುದಿಯಲ್ಲಿದ್ದ ಮಾತನ್ನು ಒಬ್ಬರು ಎರಡೇ ದಿನದಲ್ಲಿ ಆಡಿಬಿಟ್ಟಿದ್ದರು.

ಆದರೆ ಅವರು ಕಿಟಕಿಗೆ ಪರದೆ ಹಾಕಲಿಲ್ಲ. ಅತ್ತೆ ಎರಡು ಹಳೆಯ ಸೀರೆ ಕೊಟ್ಟು, “ಒಂಟಿ ಎಂಗಸು, ಕಿಟ್ಕಿಗೆ ಕಟ್ಕಳ್ಳಕ್ ಯೋಳು” ಎಂದರು. ದೊರೆಸಾನಿ ಸೀರೆಗಳನ್ನು ಅಂಚಿಗೆ ಅಂಚು ಸೇರಿಸಿ ಮಡಚಿ ವಾಪಸು ಕೊಟ್ಟರು. ಅವರ ಊರಿನಲ್ಲಿ ಪರದೆ ಎಳೆದವರ ಮೇಲೆಯೇ ಅನುಮಾನವಂತೆ, ಒಳಗೆ ಏನು ಮುಚ್ಚಿಡುತ್ತಿದ್ದಾರೆ ಎಂದು. ಹಾಗಾಗಿ ಸಂಜೆ ಟ್ಯೂಬ್‌ಲೈಟ್ ಕೆಳಗೆ ಕೂತು ಅವರು ಚಾಕುವಿನಿಂದ ಬ್ರೆಡ್ಡು ಕತ್ತರಿಸಿ ತಿನ್ನುವುದನ್ನು ಬೀದಿಯೆಲ್ಲ ನೋಡುತ್ತಿತ್ತು. ಅವರೂ ಒಳಗಿಂದ ಕೈಬೀಸುತ್ತಿದ್ದರು. ನೋಡುವವರಿಗೆ ಅಡ್ಡಿಯಿರಲಿಲ್ಲ. ಒಳಗೆ ಕಾಲಿಡಲು ಹೋದರೆ ಮಾತ್ರ ಎದ್ದು ಬಂದು, ಬಾಗಿಲ ಚೌಕಟ್ಟಿಗೆ ಕೈ ಅಡ್ಡ ಇಟ್ಟು ನಿಲ್ಲುತ್ತಿದ್ದರು.

“ಕಣ್ಣಿಗೆ ಬಾ ಅಂತಾಳೆ, ಕಾಲ್ಗೆ ಬ್ಯಾಡ ಅಂತಾಳೆ. ಎಂಥಾ ಎಂಗಸಮ್ಮಿ ಇದು?” ಎಂದರು ಮಾದೇವಮ್ಮ.

ಬಂದವರಿಗೆ ಹೇಳುವ ಕೆಲಸ ನನ್ನದಾಯಿತು. “ನನಗೆ ಕೆಲಸವಿದೆ, ಈಗ ಬೇಡ ಎಂದು ಹೇಳು” ಎನ್ನುತ್ತಿದ್ದರು ಅವರು. ಅಷ್ಟನ್ನು ಕನ್ನಡದಲ್ಲಿ ಹೇಳಲು ನನ್ನಿಂದಾಗುತ್ತಿರಲಿಲ್ಲ. ಮನೆ ಬಾಗಿಲಿಗೆ ಬಂದ ವಯಸ್ಸಾದವರಿಗೆ ‘ಈಗ ಬೇಡ’ ಎನ್ನುವುದು ಹೇಗೆ? “ತಲೆನೋವಂತೆ ಕಣಮ್ಮ” ಎಂದುಬಿಡುತ್ತಿದ್ದೆ. ಎರಡು ತಿಂಗಳಲ್ಲಿ ದೊರೆಸಾನಿಗೆ ವಾಸಿಯಾಗದ ತಲೆನೋವು ಎಂದು ತಿಗನಾರೆಯವರೆಗೆ ಸುದ್ದಿಯಾಯಿತು. ಒಬ್ಬರು ಶುಂಠಿ ತೇದು ತಂದರು. ಇನ್ನೊಬ್ಬರು ಲಕ್ಕಿಸೊಪ್ಪು ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟಿಕೊಂಡು ಬಂದು ಹಣೆಗೇ ಒತ್ತಲು ಹೋದರು. ಗೆಟ್ಟವಾಡಿಯಿಂದ ಒಬ್ಬ ಅಜ್ಜ ಮಂತ್ರಿಸಿದ ದಾರ ಹಿಡಿದು ಬಸ್ಸಿಳಿದ. ಬೇಡ ಎಂದು ಕಳಿಸಿದಷ್ಟೂ ಜನ ಹೆಚ್ಚಾದರು.

ಕೊನೆಗೆ ದೊರೆಸಾನಿಗೆ ತಿಳಿಯಿತು. ನನ್ನನ್ನು ಕೂರಿಸಿಕೊಂಡು ಹೇಳಿದರು: “ನನ್ನ ಪರವಾಗಿ ಸುಳ್ಳು ಹೇಳಬೇಡ. ಬೇಡ ಅನ್ನುವುದಕ್ಕೆ ಕಾರಣ ಬೇಕಾಗಿಲ್ಲ.”

ಈ ಮಾತನ್ನು ನಾನು ಎಷ್ಟೋ ದಿನ ಮನಸ್ಸಿನಲ್ಲಿಟ್ಟುಕೊಂಡು ತಿರುಗಾಡಿದೆ. ಬಟ್ಟೆ ಒಗೆಯುವಾಗ ಹೇಳಿಕೊಂಡೆ, ಮುದ್ದೆ ತಿರುವುವಾಗ ಹೇಳಿಕೊಂಡೆ. ಯಾರ ಎದುರಿಗೂ ಹೇಳಲಿಲ್ಲ.

ಅವರು ಜನರನ್ನು ಬೇಡ ಎಂದವರಲ್ಲ, ಇದನ್ನೂ ಹೇಳಬೇಕು. ಒಮ್ಮೆ ಊರಿಗೆಲ್ಲ ನನ್ನ ಕೈಲಿ ಹೇಳಿಸಿದರು: ಶನಿವಾರ ಐದು ಗಂಟೆಗೆ ಎಲ್ಲರೂ ಕಾಫಿಗೆ ಬನ್ನಿ. ನೆಲ ಒರೆಸಿ, ತಾಳವಾಡಿಯ ಅಂಗಡಿಯಿಂದ ಇಪ್ಪತ್ತು ಲೋಟ ತಂದು ಸಾಲಾಗಿ ಇಟ್ಟಿದ್ದರು. ಯಾರೂ ಬರಲಿಲ್ಲ. ಗಂಟೆ ಹೇಳಿ ಕರೆದಿದ್ದಾರೆ ಎಂದರೆ ಏನೋ ಶುಭಕಾರ್ಯವೇ ಇರಬೇಕು, ಬರಿಗೈಯಲ್ಲಿ ಹೇಗೆ ಹೋಗುವುದು ಎಂದು ಎಲ್ಲರೂ ಹಿಂದೆ ಸರಿದಿದ್ದರು. ನಾನು, ಮಾದೇವಮ್ಮ, ಇಬ್ಬರೇ. ದೊರೆಸಾನಿ ಬಿಸ್ಕತ್ತಿನ ಡಬ್ಬ ತೆರೆದು ನಮಗೊಂದೊಂದು ಕೊಟ್ಟು ಮುಚ್ಚಳ ಮುಚ್ಚಿ ಕಪಾಟಿನಲ್ಲಿಟ್ಟರು. ಅವರ ಕಡೆಯ ರೂಢಿ ಹಾಗೆ. ಹೊರಗೆ ಬಂದಮೇಲೆ ಮಾದೇವಮ್ಮ, “ಒಂದ್ ಕೊಟ್ಟು ಡಬ್ಬ ಮುಚ್ಬುಟ್ಲಲ್ಲಾ, ನಾನೇನು ಒತ್ಕೊಂಡು ಓಡೋಯ್ತಿದ್ನಾ?” ಎಂದು ಬೀದಿಯಲ್ಲೇ ನಕ್ಕರು. ನಾನು ತಿರುಗಿ ನೋಡಿದೆ. ಕಿಟಕಿಯೊಳಗೆ ದೊರೆಸಾನಿ ಉಳಿದ ಹದಿನೆಂಟು ಲೋಟಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದರು.

ಅತ್ತೆಗೆ ಅವರ ಮೇಲಿದ್ದ ತಕರಾರು ಬೇರೆ. “ಅವ್ಳು ಊರೂರ್ ತಿರುಗಿ ಎಲ್ರ ಅಟ್ಟ ಅತ್ತಿ ಮಡಕೆ ಇಣುಕ್ತಾಳೆ. ಯಾವ ಬಿತ್ನೆ ಮಡ್ಗಿದ್ದೀಯ, ಎಷ್ಟ್ ಮಡ್ಗಿದ್ದೀಯ ಅಂತಾಳೆ. ಅವ್ಳ ಮಡಕೆ ಮಾತ್ರ ನಾವ್ ನೋಡಂಗಿಲ್ಲ.” ಇದನ್ನು ನಾನು ದೊರೆಸಾನಿಗೆ ಹೇಳಿದಾಗ ಅವರು ಆಶ್ಚರ್ಯಪಟ್ಟರು. “ನಾನು ಪ್ರತಿ ಮನೆಯಲ್ಲೂ ಅನುಮತಿ ಕೇಳುತ್ತೇನೆ” ಎಂದರು. ಕೇಳಿದರೆ ಇಲ್ಲ ಎನ್ನುವ ಅಭ್ಯಾಸ ಇಲ್ಲಿ ಯಾರಿಗೂ ಇಲ್ಲ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ.

ನನಗೆ ಅವರು ದಿನ ಕೊಟ್ಟಿದ್ದರು. ಸೋಮವಾರ, ಬುಧವಾರ, ಶುಕ್ರವಾರ, ನಾಲ್ಕು ಗಂಟೆ. ಕಪ್ಪು ರಟ್ಟಿನ ಸಣ್ಣ ಡೈರಿಯಲ್ಲಿ ಪೆನ್ಸಿಲಿನಿಂದ ನನ್ನ ಹೆಸರು. ಕೆಲವರಿಗೆ ಇದು ಅವಮಾನ ಅನ್ನಿಸಬಹುದು. ನನಗೆ ಹಬ್ಬವಾಗಿತ್ತು. ಆ ಒಂದು ಗಂಟೆ ಅವರು ಬೇರೆ ಏನೂ ಮಾಡುತ್ತಿರಲಿಲ್ಲ. ಪೆನ್ನು ಮುಚ್ಚಿ, ಎರಡೂ ಕೈ ಮೇಜಿನ ಮೇಲಿಟ್ಟು, ನನ್ನ ಮಾತು ಕೇಳುತ್ತಿದ್ದರು. ನನ್ನ ಇಂಗ್ಲಿಷಿನ ತುಕ್ಕು ಬಿಟ್ಟದ್ದು ಅಲ್ಲಿ. ಅವರಿಗೆ ನಾನು ಕನ್ನಡ ಕಲಿಸಿದೆ. ಕಕ್ಕಸಿನ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ತೂಗುಹಾಕಿದ್ದರು, ಬೇಕಾದವರ ಹುಟ್ಟುಹಬ್ಬಗಳನ್ನು ಅದರಲ್ಲಿ ಬರೆಯುವುದಂತೆ. ಒಂದು ದಿನ ನನ್ನ ಹೆಸರನ್ನೂ ಅಲ್ಲಿ ಕಂಡೆ. ಅತ್ತೆಗೆ ಹೇಳಿದರೆ, “ಥೂ, ಎಸ್ರ ಬರೆಯಕ್ಕೆ ಅದೇ ಜಾಗ ಸಿಕ್ತಾ!” ಎಂದರು. ನನಗೆ ಮಾತ್ರ ನನ್ನವರೆನ್ನುವವರು ಒಬ್ಬರು ಸಿಕ್ಕರು ಅನ್ನಿಸಿತ್ತು.

ಆ ನಂಬಿಕೆಯಲ್ಲೇ ಅವರಿಗೆ ಹೇಳಿದೆ. ಆರು ವರ್ಷದಲ್ಲಿ ನನಗೆ ಎರಡು ಸಲ ಗರ್ಭ ನಿಂತು ಇಳಿದುಹೋಗಿತ್ತು. ಎರಡನೆಯ ಸಲ ಚಾಮರಾಜನಗರದ ಡಾಕ್ಟರಮ್ಮ, ಮೈ ಸುಧಾರಿಸಬೇಕು, ಒಂದು ವರ್ಷ ಬಸಿರು ಬೇಡವೇ ಬೇಡ ಎಂದು ಮಾತ್ರೆ ಬರೆದುಕೊಟ್ಟಿದ್ದರು. ನನ್ನವರಿಗೆ ಗೊತ್ತಿತ್ತು, ತಂದುಕೊಡುತ್ತಿದ್ದವರು ಅವರೇ. ಅತ್ತೆಗೆ ಗೊತ್ತಿರಲಿಲ್ಲ. ಪ್ರತಿ ಅಮಾವಾಸ್ಯೆಗೆ ಮಾದಪ್ಪನ ಬೆಟ್ಟಕ್ಕೆ ಹೋಗಿ ಮೊಮ್ಮಗುವಿಗಾಗಿ ಹರಕೆ ಹೊರುತ್ತಿದ್ದ ಅತ್ತೆಗೆ, ನಿಮ್ಮ ಸೊಸೆಯೇ ಬೇಡವೆಂದು ಮಾತ್ರೆ ನುಂಗುತ್ತಿದ್ದಾಳೆ ಎಂದು ಯಾರು ಹೇಳುವುದು? ತೊಗರಿಬೇಳೆಯ ಡಬ್ಬದ ತಳದಲ್ಲಿ ಮಾತ್ರೆ ಬಚ್ಚಿಟ್ಟಿದ್ದೆ. ದೊರೆಸಾನಿ ಎಲ್ಲ ಕೇಳಿ ನನ್ನ ಕೈ ಹಿಡಿದುಕೊಂಡರು. “ನೀನು ಮಾಡುತ್ತಿರುವುದು ಸರಿ” ಎಂದರು. ಯಾರಿಗೂ ಹೇಳಬೇಡಿ ಎಂದು ನಾನು ಕೇಳಲಿಲ್ಲ. ತಮ್ಮ ಹೊಸಿಲನ್ನು ಅಷ್ಟು ಕಾಯುವವರಿಗೆ ಅದನ್ನು ಹೇಳಿಕೊಡಬೇಕೆಂದು ನನಗೆ ಹೊಳೆಯಲೇ ಇಲ್ಲ.

ಅವರೆಕಾಯಿ ಕಾಲ. ನಮ್ಮ ಜಗಲಿಯಲ್ಲಿ ಏಳೆಂಟು ಜನ ಕೂತು ಕಾಯಿ ಸುಲಿಯುತ್ತಿದ್ದೆವು. ಅತ್ತೆಯ ತಂಗಿ ಊರಿಂದ ಬಂದಿದ್ದರು. ದೊರೆಸಾನಿ ಒಂದು ತಕ್ಕಡಿ ತಂದು ಕಾಳು ತೂಗಿ ಬರೆದುಕೊಳ್ಳುತ್ತಿದ್ದರು. ಚಿಕ್ಕತ್ತೆ ನನ್ನ ಹೊಟ್ಟೆಯ ಕಡೆ ನೋಡಿ ಶುರುಮಾಡಿದರು.

“ಏನಮ್ಮಿ, ಇನ್ನೂ ಏನೂ ಇಲ್ವಾ? ಆರ್ ವರ್ಸ ಆಯ್ತು. ನಮ್ಮಕ್ಕ ಬೆಟ್ಟ ಅತ್ತಿ ಅತ್ತಿ ಮಂಡಿ ಸವೆಸ್ಕೊಂಡ್ಲು. ನಿನ್ನಲ್ಲೇ ಏನೋ ಕೊರೆ ಇರ್ಬೇಕು ಕನಾ.”

ನಾನು ತಲೆ ತಗ್ಗಿಸಿ ಕಾಯಿ ಸುಲಿದೆ. ಅದು ಅಭ್ಯಾಸವಾಗಿದ್ದ ಮಾತು. ಸ್ವಲ್ಪ ಹೊತ್ತಿಗೆ ತಾನೇ ಬೇರೆ ಕಡೆಗೆ ಹೊರಳುತ್ತಿತ್ತು. ಆದರೆ ದೊರೆಸಾನಿಯ ಕುತ್ತಿಗೆ ಕೆಂಪಾಗುತ್ತಿರುವುದು ಕಂಡಿತು. ತಕ್ಕಡಿ ಕೆಳಗಿಟ್ಟರು. ನಾನೇ ಕಲಿಸಿದ ಕನ್ನಡದಲ್ಲಿ, ಒಂದೊಂದೇ ಪದ ಆರಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

“ಕೊರತೆ ಇಲ್ಲ. ಇವಳು ಮಾತ್ರೆ ತಿನ್ನುತ್ತಾಳೆ. ಡಾಕ್ಟರ್ ಹೇಳಿದ್ದಾರೆ, ಒಂದು ವರ್ಷ ಮಗು ಬೇಡ. ಇವಳ ಮೈ ಇವಳದು. ನಿಮ್ಮ ಪ್ರಶ್ನೆ ತಪ್ಪು.”

ಹೇಳಿ ನನ್ನ ಕಡೆ ನೋಡಿದರು. ನನ್ನನ್ನು ಕಾಪಾಡಿದ ಮುಖ ಅದು.

ಚಿಕ್ಕತ್ತೆಯ ಬಾಯಿ ತೆರೆದೇ ಇತ್ತು. ಅತ್ತೆ ಮಾತ್ರ ಕೈ ನಿಲ್ಲಿಸಲಿಲ್ಲ. ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ, ಮೊರ ತುಂಬುವ ತನಕ ಸುಲಿದು, ಎದ್ದು ಒಳಗೆ ಹೋದರು. ಸಂಜೆ ದೀಪ ಹಚ್ಚುವಾಗ ನನ್ನ ಕಡೆ ತಿರುಗದೆಯೇ ಹೇಳಿದರು:

“ಮಾತ್ರೆ ನುಂಗುದ್ರೆ ನುಂಗು. ಡಾಕ್ಟ್ರು ಯೋಳವ್ರೆ ಅಂದ್ರೆ ನಾನ್ ಬ್ಯಾಡ ಅಂತಿದ್ನಾ? ನಾನೂ ಎರಡ್ ಕೂಸು ಕಳ್ಕೊಂಡೋಳೆ ಕನಮ್ಮಿ. ಒಂದೇ ಒಲೇಲಿ ಉಣ್ಣೋ ನಂಗೆ ಯೋಳ್ನಿಲ್ಲ. ಆ ಬಿಳಿ ಎಂಗಸ್ಗೆ ಯೋಳ್ದೆ.”

ಅತ್ತೆ ಎರಡು ಕೂಸು ಕಳೆದುಕೊಂಡದ್ದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆಮೇಲೆ ಅವರು ನನ್ನೊಡನೆ ಮಾತು ಬಿಟ್ಟರು. ಊಟ ಬಡಿಸಿದರೆ ಉಂಡರು, ಕರೆದರೆ ಓಗೊಡಲಿಲ್ಲ.

ಮಾರನೆಯ ದಿನ ಮಂಗಳವಾರ. ಹನ್ನೊಂದು ಗಂಟೆಗೆ ನನಗೆ ತಡೆಯಲಾಗಲಿಲ್ಲ. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಬೇಕಿತ್ತು, ಅಷ್ಟಕ್ಕಿಂತ ಹೆಚ್ಚಾಗಿ ಯಾರ ಮುಂದಾದರೂ ಅಳಬೇಕಿತ್ತು. ಅಳುವುದಕ್ಕೆ ನನಗಿದ್ದುದು ಅದೊಂದೇ ಮನೆ. ಹೋಗಿ ಬಾಗಿಲು ತಟ್ಟಿದೆ. ಪಕ್ಕದ ಕಿಟಕಿಯಲ್ಲಿ ಅವರು ಕಾಣುತ್ತಿದ್ದರು. ತಲೆ ಎತ್ತಿದರು, ಪೆನ್ನಿನ ಮುಚ್ಚಳ ಹಾಕಿದರು, ಎದ್ದು ಬಂದರು. ಬಾಗಿಲು ಅರ್ಧ ತೆರೆಯಿತು. ಚೌಕಟ್ಟಿನ ಮೇಲೆ ಕೈ.

“ನೀನಾ? ಇವತ್ತು ಮಂಗಳವಾರ.”

“ನಿಮ್ಮ ಹತ್ತಿರ ಮಾತಾಡಬೇಕು” ಎಂದೆ. ನನ್ನ ಮುಖ ಹೇಗಿತ್ತು ಎಂಬುದು ಅವರಿಗೆ ಕಂಡಿತು, ಅದು ನನಗೆ ಗೊತ್ತು. ಒಂದು ಕ್ಷಣ ನೋಡಿದರು. ತಿರುಗಿ ಮೇಜಿನ ಮೇಲಿನ ಕಾಗದಗಳನ್ನೂ ನೋಡಿದರು.

“ಈಗ ಕೆಲಸದ ನಡುವೆ ಇದ್ದೇನೆ. ನಾಳೆ ನಾಲ್ಕಕ್ಕೆ ಬಾ. ನಾಳೆ ಪೂರ್ತಿ ನಿನ್ನ ಮಾತು ಕೇಳುತ್ತೇನೆ.”

ಬಾಗಿಲು ಮೆತ್ತಗೆ ಮುಚ್ಚಿತು. ಅವರು ಹೋಗಿ ಕೂತರು. ನಾನು ಹೊರಗೆ ನಿಂತೇ ಇದ್ದೆ, ಗಾಜಿನಾಚೆ ಅವರು ನನಗೆ ಕಾಣುತ್ತಲೇ ಇದ್ದರು: ಪೆನ್ನು ತೆರೆದರು, ಎಲ್ಲಿ ನಿಲ್ಲಿಸಿದ್ದರೋ ಬೆರಳಿಟ್ಟು ಹುಡುಕಿದರು, ಬರೆಯತೊಡಗಿದರು. ಒಂದು ಪರದೆಯಿದ್ದಿದ್ದರೆ ಅಷ್ಟನ್ನಾದರೂ ನಾನು ನೋಡುತ್ತಿರಲಿಲ್ಲ.

ಮಾದೇವಮ್ಮ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದವರು ನಿಂತರು. “ಏನಮ್ಮಿ, ನಿನ್ನೂ ಆಚೆ ನಿಲ್ಸುಬುಟ್ಲಾ?” ಹೊರೆಯನ್ನು ಅಲ್ಲೇ ಬೀದಿಯಲ್ಲಿ ಹಾಕಿ, ನನ್ನ ರಟ್ಟೆ ಹಿಡಿದು ತಮ್ಮ ಮನೆಗೆ ಕರೆದುಕೊಂಡು ಹೋದರು. ಅಲ್ಲಿ ಕೂರಿಸಿ, ಯಾವ ಪ್ರಶ್ನೆಗಳಿಂದ ಆರು ವರ್ಷ ತಪ್ಪಿಸಿಕೊಂಡು ಓಡಾಡಿದ್ದೆನೋ ಆ ಎಲ್ಲ ಪ್ರಶ್ನೆಗಳನ್ನು ಕೇಳಿದರು. ಎಷ್ಟನೇ ತಿಂಗಳು, ಎಷ್ಟು ರಕ್ತ ಹೋಯಿತು, ಗಂಡ ಏನಂದ, ಮಾತ್ರೆ ಯಾವ ಬಣ್ಣ. ಎಲ್ಲಕ್ಕೂ ಉತ್ತರ ಕೊಟ್ಟೆ. ನಡುವೆ ಮುದ್ದೆ ಮುರಿದು ನನ್ನ ತಟ್ಟೆಗೆ ಹಾಕುತ್ತಲೇ ಇದ್ದರು. ಸಂಜೆಯ ಹೊತ್ತಿಗೆ ಅದೆಲ್ಲ ಊರಿಗೆ ತಿಳಿದಿರುತ್ತದೆ ಎಂದು ಗೊತ್ತಿದ್ದೂ ಅಳುತ್ತಲೇ ಉಂಡೆ.

ಬುಧವಾರ ನಾಲ್ಕು ಗಂಟೆಗೆ ನಾನು ಹೋಗಲಿಲ್ಲ. ನಾಲ್ಕೂಕಾಲಿಗೆ ದೊರೆಸಾನಿಯೇ ಬಂದು ನಮ್ಮ ಹೊಸಿಲಾಚೆ ನಿಂತರು. ಬಾಗಿಲು ಹಾರುಹೊಡೆದಿತ್ತು; ಆದರೂ ಕರೆಯುವ ತನಕ ಬರುವವರಲ್ಲ ಅವರು. ನಾನು ಕರೆಯಲಿಲ್ಲ. ಅತ್ತೆಯೇ ನೋಡಿ, “ಯಾಕವ್ವ ನಿಂತಿದ್ದೀಯ, ಬಾ ಒಳಿಕೆ” ಎಂದು ಮಣೆ ಹಾಕಿ, ಕಾಫಿ ತಂದುಕೊಟ್ಟು, ನಮ್ಮಿಬ್ಬರನ್ನು ಬಿಟ್ಟು ಹಿತ್ತಿಲಿಗೆ ಹೋದರು.

“ಡೈರಿಯಲ್ಲಿ ನಿನ್ನ ಹೆಸರಿತ್ತು. ನೀನು ಬರಲಿಲ್ಲ” ಎಂದರು ದೊರೆಸಾನಿ. “ನನ್ನ ಮೇಲೆ ಸಿಟ್ಟೇ? ನೇರವಾಗಿ ಹೇಳು.”

ಕೇಳಿದ್ದು ನಿಜವಾಗಿ ತಿಳಿಯಬೇಕೆಂದೇ. ಹೇಳಿದ್ದರೆ ಎರಡೂ ಕೈ ಮಡಿಲಲ್ಲಿಟ್ಟು ಪೂರ್ತಿ ಕೇಳಿಸಿಕೊಳ್ಳುತ್ತಿದ್ದರು. ಆದರೆ ನಾನು ಬೆಳೆದದ್ದು ಬೇರೆ ರೀತಿ. “ಇಲ್ಲ, ಇಲ್ಲ. ತಲೆನೋವಿತ್ತು” ಎಂದೆ.

“ಸರಿ” ಎಂದರು. ನಂಬಿದರು. ಇಲ್ಲ ಎಂದರೆ ಅವರಿಗೆ ಇಲ್ಲವೇ. ಕಾಫಿ ಮುಗಿಸಿ, ಲೋಟ ತೊಳೆದಿಟ್ಟು ಹೋದರು.

ಆಮೇಲೆಯೂ ಒಂದೂವರೆ ವರ್ಷ ಅವರು ಅಲ್ಲಿದ್ದರು. ನಾನು ಹೋಗುತ್ತಿದ್ದೆ, ರಾಗಿಯ ಹೆಸರುಗಳನ್ನು ಹೇಳುತ್ತಿದ್ದೆ, ನನ್ನದನ್ನು ಏನೂ ಹೇಳುತ್ತಿರಲಿಲ್ಲ. ವ್ಯತ್ಯಾಸ ಅವರಿಗೆ ಗೊತ್ತಾಯಿತೋ ಇಲ್ಲವೋ ತಿಳಿಯದು. ಹೊರಡುವ ದಿನ ಅವರ ಕಡೆಯ ರೂಢಿಯಂತೆ ನನ್ನ ಕೆನ್ನೆಗೆ ಮೂರು ಸಲ ಕೆನ್ನೆ ತಾಗಿಸಿದರು. ಅತ್ತೆಯ ಮೌನ ಒಡೆದದ್ದು ಮೂರು ತಿಂಗಳಿಗೆ. ಒಂದು ಬೆಳಿಗ್ಗೆ ಸೀರೆ ಉಟ್ಟು ಸಿದ್ಧವಾಗಿ ನಿಂತು, “ನಡಿ, ಆ ಡಾಕ್ಟ್ರಮ್ಮುನ್ನ ನಾನೂ ನೋಡ್ಬೇಕು” ಎಂದರು. ಚಾಮರಾಜನಗರದ ಬಸ್ಸಿನಲ್ಲಿ ನನ್ನ ಪಕ್ಕ ಕೂತು, ತಮ್ಮ ಕಳೆದುಹೋದ ಕೂಸುಗಳ ಕಥೆಯನ್ನು ದಾರಿಯುದ್ದಕ್ಕೂ ಹೇಳಿದರು. ಎರಡು ವರ್ಷದ ಮೇಲೆ ನನಗೆ ಮಗಳು ಹುಟ್ಟಿದಳು.

ನನ್ನವರು ಈಗಲೂ ಹೇಳುತ್ತಾರೆ, ದೊರೆಸಾನಿ ಬಾಯಿಬಿಟ್ಟದ್ದೇ ಒಳ್ಳೆಯದಾಯಿತಲ್ಲ ಎಂದು. ನಾನು ಒಪ್ಪುವುದಿಲ್ಲ. ಒಳ್ಳೆಯದು ಮಾಡಿದವರು ಅತ್ತೆ. ಜಗಲಿಯ ಮಾತನ್ನು ನಾನು ಎಂದೋ ಮರೆತೆ, ಮಂಗಳವಾರವನ್ನು ಮರೆಯಲಾಗಲಿಲ್ಲ. ಅವರ ಅಳತೆಯಲ್ಲಿ ನಾಳೆಯ ಒಂದು ಪೂರ್ತಿ ಗಂಟೆ ದೊಡ್ಡ ಕೊಡುಗೆಯೇ ಇರಬಹುದು. ನನಗೆ ಬೇಕಾಗಿದ್ದುದು ಆಗಿನ ಐದು ನಿಮಿಷ.

ಆದರೂ ಅವರ ಋಣ ಇದೆ. ನನ್ನ ಮಗಳ ಕೋಣೆಗೆ ನಾನು ತಟ್ಟಿಯೇ ಹೋಗುತ್ತೇನೆ, ಅವಳ ಕಾಗದ ಒಡೆಯುವುದಿಲ್ಲ. ಬೇಡದ್ದನ್ನು ಬೇಡ ಎನ್ನಲು ಅವಳಿಗೆ ಬರುತ್ತದೆ.

ಕೆಲವು ವರ್ಷಗಳ ಹಿಂದೆ ಹಾಲೆಂಡಿನಿಂದ ಬೂದು ಅಂಚಿನ ಒಂದು ಲಕೋಟೆ ಬಂತು. ಒಳಗೆ ಅವರ ಭಾಷೆಯಲ್ಲಿ ಅಚ್ಚಾದ ದಪ್ಪ ಕಾಗದದ ಕಾರ್ಡು. ಜೊತೆಗೆ ಅವರ ತಂಗಿ ಇಂಗ್ಲಿಷಿನಲ್ಲಿ ಬರೆದ ಅರ್ಥ. ದೊರೆಸಾನಿ ತೀರಿಕೊಂಡಿದ್ದರು. ಕಾಯಿಲೆಯಂತೆ. ಯಾವ ದಿನ ಮಣ್ಣು ಮಾಡುವುದು, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಸಭಾಂಗಣಕ್ಕೆ ಬಂದು ಮನೆಯವರನ್ನು ಕಾಣಬಹುದು ಎಂದೆಲ್ಲ ಬರೆದಿತ್ತು. ಕೊನೆಯ ಸಾಲು: ದಯವಿಟ್ಟು ಮನೆಗೆ ಯಾರೂ ಬರಬೇಡಿ.

ಅತ್ತೆಗೆ ಓದಿ ಹೇಳಿದೆ. ಒಂದೂ ಬಿಡದೆ.

“ಸಾವಿನ ಮನೆಗೂ ಬರ್ಬ್ಯಾಡಿ ಅಂದವ್ರಾ?” ಎಂದರು ಅತ್ತೆ. ಕಾರ್ಡನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದರು. “ಪಾಪ. ಆ ತಂಗಿಗೆ ಗಂಜಿ ಕುಡ್ಸೋರು ಯಾರು?”

ಸಾವಿಗೆ ಇಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲ. ಕೇಳಿದವರು ಕೈಲಿದ್ದ ಕೆಲಸ ಬಿಟ್ಟು ಎದ್ದು ಹೋಗುತ್ತಾರೆ, ಕೂರುತ್ತಾರೆ.

ಆ ತಂಗಿಗೆ ನಾನು ಕಾಗದ ಬರೆಯಲು ಕೂತೆ. ಮೊದಲು ಬರೆದದ್ದು ಸಿಸ್ಟರುಗಳು ಕಲಿಸಿದ ಥರದ ಕಾಗದ, ಎಲ್ಲ ಒಳ್ಳೆಯ ಮಾತು. ಅದನ್ನು ಹರಿದೆ. ಆಮೇಲೆ ನಾಲ್ಕೇ ಸಾಲು ಬರೆದು ತಾಳವಾಡಿಯ ಪೋಸ್ಟಾಫೀಸಿನಲ್ಲಿ ಹಾಕಿ ಬಂದೆ: “ನಿಮ್ಮ ಅಕ್ಕ ನನಗೆ ತುಂಬ ಬೇಕಾದವರಾಗಿದ್ದರು. ಒಂದು ಸಲ ನಾನು ಅಳುತ್ತ ಹೋದಾಗ ಅವರು ನನ್ನನ್ನು ಒಳಗೆ ಬಿಡಲಿಲ್ಲ, ಅದು ಇನ್ನೂ ನೋಯುತ್ತದೆ. ಅವರು ಕೇಳಿದಾಗ ಸಿಟ್ಟಿಲ್ಲ ಎಂದಿದ್ದೆ, ಅದು ಸುಳ್ಳು. ನಾನು ನಿಮ್ಮ ಊರಿನಲ್ಲಿದ್ದಿದ್ದರೆ, ಬರಬೇಡಿ ಎಂದು ಬರೆದಿದ್ದರೂ ಬಂದು ನಿಮ್ಮ ಪಕ್ಕ ಕೂರುತ್ತಿದ್ದೆ.”